ಸೊನೆಯ ಗುಳ್ಳೆ ಅಂಟುರೋಗವಲ್ಲ

ಬೇಸಗೆಯ ರಜೆ ಮುಗಿದು ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ, ಊರಿಗೆ ಹೋಗಿಬಂದ ನಮ್ಮ ಮುಂಬಯಿಯ ವಿದ್ಯಾರ್ಥಿಗಳು ಬಗೆಬಗೆಯ ನೆನಪುಗಳನ್ನು ತರುತ್ತಾರೆ. ಅವುಗಳೊಡನೆ ಕೆಲವರು ತುಟಿಯ ಸುತ್ತ ಕಪ್ಪು ಕಲೆಯನ್ನೋ, ಕೆನ್ನೆಯ ಮೇಲೆ ಗುಳ್ಳೆಗಳನ್ನೋ, ಸುಲಿದ ಬೆರಳುಗಳನ್ನೋ ತರುವುದುಂಟು. ಕೆಲವು ವರ್ಷಗಳ ಹಿಂದೆ ಹೀಗೆ ಮುಖವೆಲ್ಲ ಗುಳ್ಳೆಯೆದ್ದು ಬಂದ ಬಾಲಕನೊಬ್ಬನ ಪಕ್ಕದಲ್ಲಿ ಕುಳಿತುಕೊಳ್ಳಲು ತರಗತಿಯಲ್ಲಿ ಯಾರೂ ಒಪ್ಪಲಿಲ್ಲ. ನಾವೂ ಏನನ್ನೂ ವಿಚಾರಿಸದೆ ಅವನೊಬ್ಬನನ್ನೇ ಹಿಂದಿನ ಬೆಂಚಿನಲ್ಲಿ ಕೂಡಿಸಿದೆವು. ಎರಡು ದಿನಗಳ ಅನಂತರ ಅವನ ತಾಯಿ ವೈದ್ಯರ ಚೀಟಿಯೊಡನೆ ಬಂದು, “ಇದು ಮಾವಿನ ಸೊನೆ ತಾಗಿ ಆದದ್ದು ಮಾಸ್ತರರೇ, ಯಾರಿಗೂ ಅಂಟುವುದಿಲ್ಲವಂತೆ” ಎಂದಾಗ ನಾವು ತಲೆತಗ್ಗಿಸಬೇಕಾಯಿತು. ಅಂದು ನಮಗೆ ತಿಳಿಯದಿದ್ದುದನ್ನು ವಿದ್ಯಾರ್ಥಿಮಿತ್ರರಾದರೂ ತಿಳಿದಿರಲಿ ಎಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮಾವು ಮತ್ತು ಗೇರು ಒಂದೇ ಸಸ್ಯಕುಟುಂಬಕ್ಕೆ ಸೇರಿದವು ಎಂಬುದು ಅನೇಕರಿಗೆ ತಿಳಿಯದು. ಗೇರುಮರದ ತವರು ಬ್ರೆಜಿಲ್ ದೇಶ. ಅದನ್ನು ನಮ್ಮ ಪಶ್ಚಿಮ ಕರಾವಳಿಗೆ 16ನೆಯ ಶತಮಾನದಲ್ಲಿ ತಂದವರು ಪೋರ್ತುಗೀಸರು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು, ಅಂದರೆ ಸಂಸ್ಕೃತದ ಭಲ್ಲಾತಕ, ಇದೇ ಕುಟುಂಬದ್ದು. ಜಪಾನಿನ ಕುಶಲಕರ್ಮಿಗಳು ಮರದ ಪಾತ್ರೆಗಳಿಗೆ ಹೊಳಪಿನ ಅರಗುಬಣ್ಣ ಕೊಡಲು ಬಳಸುವ ರಸವೂ ಇದೇ ಕುಟುಂಬದ ಮರದಿಂದ ಬರುತ್ತದೆ. ಉತ್ತರ ಅಮೆರಿಕದಲ್ಲಿ ಮಕ್ಕಳ ತಾಯ್ತಂದೆಯರು ಬಹಳವಾಗಿ ಅಂಜುವ ‘ಪಾಯ್ಸನ್ ಐವಿ’ ಎಂಬ ಬಳ್ಳಿಯೂ ಈ ಬಳಗದ್ದೇ ಆಗಿದೆ. ಆ ಬಳ್ಳಿಯ ಎಲೆಗಳು ಮೂರು ಮೂರು ಕಿರುದಳಗಳಾಗಿ ಬೆಳೆಯುವುದರಿಂದ, ಮೂರು ದಳಗಳ ಎಲೆಯನ್ನು ಕಂಡರೆ ದೂರವಿರಬೇಕೆಂದು ಅಲ್ಲಿನ ಮಕ್ಕಳಿಗೆ ಚಿಕ್ಕಂದಿನಲ್ಲಿಯೇ ಕಲಿಸುತ್ತಾರೆ.

ಪಾಯ್ಸನ್ ಐವಿಯಲ್ಲಿಯೂ ಜಪಾನಿನ ಆ ಮರದಲ್ಲಿಯೂ ಇರುವ ಎಣ್ಣೆಯಂತಹ ವಸ್ತುವಿಗೆ ‘ಉರುಶಿಯಾಲ್’ ಎಂದು ಹೆಸರು. ಅರಗುಬಣ್ಣಕ್ಕೆ ಜಪಾನೀ ಭಾಷೆಯಲ್ಲಿರುವ ‘ಉರುಶಿ’ ಎಂಬ ಮಾತಿನಿಂದ ಅದು ಬಂದಿದೆ. ಈ ವಸ್ತುವಿನ ರಚನೆಯನ್ನು 20ನೆಯ ಶತಮಾನದ ಮೊದಲ ದಶಕಗಳಲ್ಲಿ ಕಂಡುಹಿಡಿದವರು ಜಪಾನಿನ ರಸಾಯನಶಾಸ್ತ್ರಜ್ಞ ರಿಕೋ ಮಾಜಿಮಾ. ಮಾವಿನ ಸೊನೆ ಮತ್ತು ಸಿಪ್ಪೆ, ಗೇರುಬೀಜದ ಸಿಪ್ಪೆಯೊಳಗಿನ ಎಣ್ಣೆ, ಕರಿಗೇರಿನ ರಸ ಇವುಗಳಲ್ಲಿ ಉರುಶಿಯಾಲನ್ನೇ ಹೋಲುವ ವಸ್ತುಗಳಿವೆ. ಅಮೆರಿಕದ ಬಳ್ಳಿಗೆ ಒಮ್ಮೆ ಗುಳ್ಳೆಯೆದ್ದ ಚರ್ಮವು ಮುಂದೆ ಮಾವಿನ ಸಿಪ್ಪೆಗೂ ಗುಳ್ಳೆಯೇಳುವುದುಂಟು.

ಈ ವಸ್ತು ದೇಹದಲ್ಲಿ ಮಾಡುವ ಕೆಲಸವು ವಿಷದ ಕೆಲಸವಲ್ಲ. ಎಣ್ಣೆಯು ಚರ್ಮಕ್ಕೆ ತಾಗಿ ಕೆಲವೇ ನಿಮಿಷಗಳಲ್ಲಿ ಒಳಗೆ ಇಳಿದು, ಅಲ್ಲಿನ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ನಮ್ಮನ್ನು ಕಾಯುವ ಬಿಳಿಯ ರಕ್ತಕಣಗಳು ಹೀಗೆ ರೂಪ ಬದಲಿಸಿದ ಚರ್ಮವನ್ನು ಪರಕೀಯವೆಂದು ತಪ್ಪಾಗಿ ಬಗೆದು ಅದರ ಮೇಲೆ ಎರಗುತ್ತವೆ. ಕಾವಲುಗಾರನು ವೇಷ ಬದಲಿಸಿದ ಮನೆಯವನನ್ನೇ ಕಳ್ಳನೆಂದು ಹೊಡೆದಂತೆ ಆಗುತ್ತದೆ. ಕೆಂಪು, ಬಾವು, ತುರಿಕೆ, ನೀರುಗುಳ್ಳೆಗಳೆಲ್ಲವೂ ಈ ಹೋರಾಟದ ಗುರುತುಗಳು. ಇದನ್ನೇ ವೈದ್ಯರು ಅಲರ್ಜಿ ಎನ್ನುತ್ತಾರೆ. ಎಲ್ಲರ ದೇಹವೂ ಹೀಗೆ ತಪ್ಪು ತಿಳಿಯುವುದಿಲ್ಲ. ಆದುದರಿಂದಲೇ ಒಂದೇ ಮರದ ಮಾವನ್ನು ಕಿತ್ತು ತಿಂದ ಅಣ್ಣನಿಗೆ ಏನೂ ಆಗದೆ ತಮ್ಮನ ಮುಖ ಬಾಯಬಹುದು.

ಈ ತಪ್ಪು ತಿಳಿವಳಿಕೆಗೂ ಕಾಲ ಬೇಕು. ಮೊದಲ ಸಲ ತಾಗಿದಾಗ ದೇಹವು ಆ ವಸ್ತುವಿನ ಗುರುತು ಹಿಡಿಯಲು ಒಂದು ವಾರಕ್ಕಿಂತಲೂ ಹೆಚ್ಚು ಕಾಲ ಹಿಡಿಯುತ್ತದೆ. ಗುರುತು ಹಿಡಿದ ಮೇಲೆ ಮತ್ತೆ ತಾಗಿದರೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಗುಳ್ಳೆ ಕಾಣಿಸಿಕೊಳ್ಳುತ್ತದೆ. ಶನಿವಾರ ತೋಟದಲ್ಲಿ ಆಡಿದ ಮಗುವಿಗೆ ಸೋಮವಾರ ಗುಳ್ಳೆಯೇಳುವುದರಿಂದ, ಮನೆಯವರು ಸೋಮವಾರದ ಊಟವನ್ನೋ ಹೊಸ ಸಾಬೂನನ್ನೋ ದೂಷಿಸುವುದು ಸಹಜ. ಮಗುವಿಗೆ ಕೇಳಬೇಕಾದ ಪ್ರಶ್ನೆಯೆಂದರೆ, “ಮೊನ್ನೆ ಎಲ್ಲಿ ಆಡಿದೆ, ಏನನ್ನು ಮುಟ್ಟಿದೆ?” ಎಂಬುದು. ಇದಲ್ಲದೆ ಸೊನೆ ಮತ್ತು ಗೇರೆಣ್ಣೆಗಳು ಚರ್ಮವನ್ನು ನೇರವಾಗಿ ಸುಡುವುದೂ ಉಂಟು. ಹಸಿ ಗೇರುಬೀಜವನ್ನು ಹಲ್ಲಿನಿಂದ ಕಚ್ಚಿದವನ ತುಟಿ ಉರಿಯಲು ಎರಡು ದಿನ ಕಾಯಬೇಕಾಗಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದಲ್ಲಿದ್ದ ಪರದೇಶದ ಸೈನಿಕರ ಕುತ್ತಿಗೆಯ ಹಿಂಭಾಗದಲ್ಲಿ ಇಂತಹ ಗುಳ್ಳೆಗಳು ಕಾಣಿಸಿಕೊಂಡವು. ವೈದ್ಯರು ಹುಡುಕಿದಾಗ, ಅಂಗಿಯ ಕಾಲರಿನಲ್ಲಿ ಅಗಸನು ಕರಿಗೇರಿನ ರಸದಿಂದ ಹಾಕಿದ್ದ ಪುಟ್ಟ ಗುರುತೇ ಅದಕ್ಕೆ ಕಾರಣವೆಂದು ತಿಳಿಯಿತು. ಒಗೆದರೂ ಹೋಗದ ಗುರುತು ಚರ್ಮವನ್ನೂ ಬಿಡಲಿಲ್ಲ! ಎಣ್ಣೆಯು ಬಟ್ಟೆ, ಕತ್ತಿ, ಚೀಲಗಳಲ್ಲಿ ಬಹುಕಾಲ ಉಳಿಯಬಲ್ಲುದು ಎಂಬುದಕ್ಕೆ ಇದೊಂದು ನಿದರ್ಶನ.

ಹಾಗಾದರೆ ಗುಳ್ಳೆಯೆದ್ದ ಮಗುವನ್ನು ಮುಟ್ಟಿದರೆ ನಮಗೂ ಬರುವುದೇ? ಬರುವುದಿಲ್ಲ. ಗುಳ್ಳೆಯೊಳಗಿನ ನೀರು ದೇಹದ್ದೇ. ಅದರಲ್ಲಿ ಆ ಎಣ್ಣೆಯಿಲ್ಲ. ಇಂದು ಕೈಯಲ್ಲಿ, ನಾಳೆ ಹೊಟ್ಟೆಯಲ್ಲಿ ಗುಳ್ಳೆ ಕಂಡರೆ ಅದು ಹರಡುತ್ತಿದೆ ಎಂದು ಭಾವಿಸುವುದು ತಪ್ಪು. ಎಣ್ಣೆ ಹೆಚ್ಚು ತಾಗಿದಲ್ಲಿ ಮತ್ತು ಚರ್ಮ ತೆಳುವಾಗಿರುವಲ್ಲಿ ಅವು ಮೊದಲು ಏಳುತ್ತವೆ, ಉಳಿದೆಡೆ ತಡವಾಗಿ ಏಳುತ್ತವೆ. ತೊಳೆಯದ ಉಗುರುಗಳಲ್ಲಿಯೂ ಬಟ್ಟೆಯಲ್ಲಿಯೂ ಉಳಿದ ಎಣ್ಣೆ ಮಾತ್ರ ಬೇರೆಡೆಗೆ ತಾಗಬಲ್ಲುದು. ಆದುದರಿಂದ ಮಗುವನ್ನು ದೂರವಿಡಬೇಕಾಗಿಲ್ಲ, ಎಣ್ಣೆಯನ್ನು ದೂರಮಾಡಬೇಕು.

ಸೊನೆ ತಾಗಿದೆಯೆಂಬ ಸಂಶಯ ಬಂದೊಡನೆ ತೊಳೆಯುವುದೇ ಮುಖ್ಯ ಉಪಾಯ. ಸಾಬೂನು ಮತ್ತು ಧಾರಾಳವಾದ ತಣ್ಣೀರಿನಿಂದ ಆ ಭಾಗವನ್ನೂ ಉಗುರುಗಳ ಕೆಳಗನ್ನೂ ತೊಳೆಯಬೇಕು. ತೊಟ್ಟಿದ್ದ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ಮೊದಲ ಕೆಲವು ನಿಮಿಷಗಳಲ್ಲಿ ತೊಳೆದಷ್ಟೂ ಲಾಭ ಹೆಚ್ಚು. ತೊಳೆಯುವ ಮೊದಲು ಎಣ್ಣೆಯನ್ನು ಉಜ್ಜಿದರೆ ಸೊನೆ ಇನ್ನಷ್ಟು ಹರಡೀತು. ಗುಳ್ಳೆಯೆದ್ದ ಮೇಲೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು ಆಗಾಗ ಇಡುವುದರಿಂದಲೂ, ಕ್ಯಾಲಮೈನ್ ದ್ರಾವಣವನ್ನು ಹಚ್ಚುವುದರಿಂದಲೂ ತುರಿಕೆ ತಗ್ಗುತ್ತದೆ. ಗುಳ್ಳೆಗಳನ್ನು ಒಡೆಯಬಾರದು, ತುರಿಸಿದರೆ ಹುಣ್ಣಾಗಿ ಕೀವು ತುಂಬಬಹುದು. ಮಗುವಿನ ಉಗುರುಗಳನ್ನು ಚಿಕ್ಕದಾಗಿ ಕತ್ತರಿಸುವುದು ಲೇಸು. ಅಂಗಡಿಯವನು ಕೊಟ್ಟ ಮುಲಾಮನ್ನು ಮುಖಕ್ಕೆ ಬಳಿಯುವುದು ಅಪಾಯಕರ. ಅವುಗಳಲ್ಲಿ ಕೆಲವು ಸ್ಟೆರಾಯ್ಡ್ ಬೆರೆತವಾಗಿದ್ದು, ವೈದ್ಯರ ಸಲಹೆಯಿಲ್ಲದೆ ಬಳಸಿದರೆ ಚರ್ಮವನ್ನು ಕೆಡಿಸುತ್ತವೆ. ಸಾಮಾನ್ಯವಾಗಿ ಇದು ಎರಡು ಮೂರು ವಾರಗಳಲ್ಲಿ ತಾನಾಗಿಯೇ ಗುಣವಾಗುತ್ತದೆ.

ಕಣ್ಣು ಅಥವಾ ಮುಖ ಬಾತುಕೊಂಡರೆ, ಗುಳ್ಳೆಗಳು ಮೈಯ ಬಹುಭಾಗವನ್ನು ಆವರಿಸಿದರೆ, ಜ್ವರ ಬಂದರೆ, ಕೀವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಕೊಂಡೊಯ್ಯಬೇಕು. ಪಾಯ್ಸನ್ ಐವಿಯನ್ನು ಸುಟ್ಟಾಗ ಏಳುವ ಹೊಗೆ ಶ್ವಾಸಕೋಶಗಳಿಗೆ ಬಹಳ ಕೆಡುಕು; ಗೇರುಬೀಜ ಸುಡುವ ಹೊಗೆಯ ಬಳಿಯೂ ಮಕ್ಕಳು ನಿಲ್ಲಬಾರದು.

ಎಲ್ಲ ಗುಳ್ಳೆಗಳೂ ಸೊನೆಯವಲ್ಲ ಎಂಬ ಎಚ್ಚರವೂ ಇರಬೇಕು. ರಾತ್ರಿಯ ಹೊತ್ತು ಹೆಚ್ಚಾಗಿ ತುರಿಸುತ್ತ, ಬೆರಳುಗಳ ಸಂದಿಯಲ್ಲಿ ಕಾಣುವ ಕಜ್ಜಿಯೂ, ಜ್ವರದೊಡನೆ ಮೈಯೆಲ್ಲ ಏಳುವ ಸೀತಾಳೆ ಸಿಡುಬೂ ಅಂಟುವಂತಹವು. ಗಿಡದ ಎಲೆಯೋ ಸೊನೆಯೋ ತಾಗಿ ಬಂದವು ಹಲವು ಸಲ ಗೆರೆ ಎಳೆದಂತೆ, ತಾಗಿದ ಜಾಡಿನಲ್ಲಿಯೇ ಏಳುತ್ತವೆ. ಸಂಶಯವಿದ್ದರೆ ವೈದ್ಯರನ್ನು ಕೇಳುವುದೇ ಸರಿಯಾದ ದಾರಿ. ಸಹಪಾಠಿಯನ್ನು ನೋಡಿ ನಾವೇ ತೀರ್ಪು ಕೊಡುವುದು ಸರಿಯಲ್ಲ.

ಮುಂದಿನ ರಜೆಯಲ್ಲಿ ಮಾವನ್ನು ಕೊಯ್ಯುವಾಗ ತೊಟ್ಟನ್ನು ಸ್ವಲ್ಪ ಉಳಿಸಿ ಕೊಯ್ಯಿರಿ; ತೊಟ್ಟನ್ನು ಮುರಿಯುವಾಗ ಸೊನೆ ಮುಖಕ್ಕೆ ಸಿಡಿಯದಂತೆ ದೂರ ಹಿಡಿಯಿರಿ; ಹಣ್ಣನ್ನು ತೊಳೆದು, ಸಿಪ್ಪೆ ತೆಗೆದು ತಿನ್ನಿರಿ. ಇಷ್ಟಾಗಿಯೂ ಜೂನ್ ತಿಂಗಳಲ್ಲಿ ಗೆಳೆಯನೊಬ್ಬನು ಮುಖದ ತುಂಬ ಗುಳ್ಳೆಗಳೊಡನೆ ಬಂದು, ಇದು ಸೊನೆ ತಾಗಿದ್ದೆಂದು ವೈದ್ಯರು ಹೇಳಿದ್ದಾರೆ ಎಂದರೆ, ಅವನ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಅಂದು ಹಿಂದಿನ ಬೆಂಚಿನಲ್ಲಿ ಎರಡು ದಿನ ಒಬ್ಬನೇ ಕುಳಿತಿದ್ದ ಆ ಬಾಲಕನ ಗುಳ್ಳೆಗಳು ಬೇಗನೆ ಮಾಸಿದವು. ನಮ್ಮ ಅಜ್ಞಾನದಿಂದ ಅವನಿಗಾದ ನೋವು ಮಾಸಲು ಎಷ್ಟು ದಿನ ಹಿಡಿಯಿತೋ ನಾವು ಅರಿಯೆವು.