ಬೆಟ್ಟದ ಸಿಂಹ, ಬೇಟೆನಾಯಿ ಮತ್ತು ತಲೆಯ ಲೆಕ್ಕ



ಗಡಿನಾಡಿನವರಾದ ನಮಗೆ ಒಂದು ಪ್ರಾಣಿಗೆ ಎರಡು ಹೆಸರಿರುವುದು ಹೊಸ ಸಂಗತಿಯಲ್ಲ. ಮನೆಯಲ್ಲಿ ನಾವು ಚಿರತೆ ಎನ್ನುವುದು ತಾಳವಾಡಿ ಸಂತೆಯಲ್ಲಿ ಸಿರುತ್ತೈ ಆಗುತ್ತದೆ, ಅಕ್ಕಲಕೋಟೆಯ ಕಡೆ ಬಿಬಟ್ಯಾ ಆಗುತ್ತದೆ. ದೂರದ ಅಮೆರಿಕದಲ್ಲೂ ಇಂಥದೊಂದು ಪ್ರಾಣಿ ಇದೆ. ಕೆಲವರು ಅದನ್ನು ಕೂಗರ್ ಎನ್ನುತ್ತಾರೆ, ಕೆಲವರು ಪ್ಯೂಮಾ, ಇನ್ನು ಕೆಲವರು ಬೆಟ್ಟದ ಸಿಂಹ. ಈ ಕೂಗರನ್ನು ನಾಯಿ ಬಿಟ್ಟು ಬೇಟೆಯಾಡಬಹುದೇ, ಕೂಡದೇ ಎಂಬ ವಾದ ಆ ದೇಶದ ಪಶ್ಚಿಮ ರಾಜ್ಯಗಳಲ್ಲಿ ಮೂವತ್ತು ವರ್ಷಗಳಿಂದ ನಡೆದಿದೆ. ಇವತ್ತು ಆ ವಾದದ ವಿಷಯ ನಿಮ್ಮ ಮುಂದಿಡುತ್ತೇನೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದ ನನಗೆ ಇದರ ಗೊಡವೆ ಯಾಕೆ ಎಂದು ನೀವು ಕೇಳಬಹುದು. ಕಾರಣ ಇದೆ. ಕಾಡಂಚಿನ ಒಂದು ಶಾಖೆಯಲ್ಲಿ ನಾನು ಆಡು ಸಾಲದ ಕಡತ ನೋಡಿಕೊಳ್ಳುತ್ತಿದ್ದೆ. ಸಾಲದ ಆಡಿಗೆ ವಿಮೆ ಇರುತ್ತಿತ್ತು, ಕಿವಿಗೆ ಒಂದು ಬಿಲ್ಲೆ ಹಾಕುತ್ತಿದ್ದರು. ಆಡು ಸತ್ತರೆ ಆ ಬಿಲ್ಲೆ ತಂದು ಕೊಡಬೇಕು, ಬಿಲ್ಲೆ ಇಲ್ಲದಿದ್ದರೆ ಪರಿಹಾರ ಇಲ್ಲ. ಒಂದು ದಿನ ಒಬ್ಬ ಹೆಣ್ಣುಮಗಳು ಬಂದು ನಿಂತರು. ರಾತ್ರಿ ಹಟ್ಟಿಗೆ ಚಿರತೆ ನುಗ್ಗಿ ಆಡನ್ನು ಹೊತ್ತುಕೊಂಡು ಹೋಗಿತ್ತು. "ಸ್ವಾಮಿ, ಆಡಿನ ಜೊತೆ ಕಿವೀನೂ ಹೋಯ್ತು, ಬಿಲ್ಲೆ ಎಲ್ಲಿಂದ ತರಲಿ?" ಎಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲವು ತಿಂಗಳ ಮೇಲೆ ಅವರಿಗೆ ಬಾಕಿಯ ನೋಟೀಸು ಬರೆದವನೂ ನಾನೇ. ಅಂದಿನಿಂದ, ಕಾಡುಪ್ರಾಣಿಯ ಸುದ್ದಿ ಎಲ್ಲಿ ಕಂಡರೂ ಅದರ ಖರ್ಚು ಯಾರ ತಲೆಗೆ ಬಂತು ಎಂದು ಮೊದಲು ನೋಡುತ್ತೇನೆ.

ಈಗ ಕೂಗರಿನ ವಿಷಯಕ್ಕೆ ಬರೋಣ. ಇದು ಮೈಮೇಲೆ ಚುಕ್ಕೆಯಿಲ್ಲದ, ಕಂದು ಬಣ್ಣದ, ಉದ್ದ ಬಾಲದ ದೊಡ್ಡ ಬೆಕ್ಕು. ಸಿಂಹ ಎಂಬ ಹೆಸರಿದ್ದರೂ ಗರ್ಜಿಸಲಾರದು. ಮುಖ್ಯ ಆಹಾರ ಜಿಂಕೆ. ಗಂಡು ಒಂಟಿಯಾಗಿ ನೂರಾರು ಚದರ ಕಿಲೋಮೀಟರ್ ಕಾಡನ್ನು ತನ್ನದೆಂದು ಕಾಯುತ್ತದೆ. ಹೆಣ್ಣು ಎರಡು ಮೂರು ಮರಿ ಹಾಕಿ, ಒಂದೂವರೆ ವರ್ಷದವರೆಗೂ ಜೊತೆಯಲ್ಲಿಟ್ಟುಕೊಂಡು ಸಾಕುತ್ತದೆ. ಮನುಷ್ಯನ ಮೇಲೆ ಬೀಳುವುದು ಬಹಳ ಅಪರೂಪ. ಇಡೀ ಉತ್ತರ ಅಮೆರಿಕದಲ್ಲಿ 1890ರಿಂದ ಈಚೆಗೆ ಇದರಿಂದ ಸತ್ತವರು ಮೂವತ್ತರ ಆಸುಪಾಸು.

ಆದರೂ ವಲಸೆ ಬಂದ ಬಿಳಿಯರು ಇದನ್ನು ಕುರಿಗಳ್ಳನೆಂದೇ ಕಂಡರು. ಕೊಂದವರಿಗೆ ಸರ್ಕಾರವೇ ಇನಾಮು ಕೊಟ್ಟಿತು. ಕ್ಯಾಲಿಫೋರ್ನಿಯಾ ಒಂದರಲ್ಲೇ 1907ರಿಂದ 1963ರವರೆಗೆ ಇನಾಮಿಗಾಗಿ ಕೊಂದ ಕೂಗರ್‌ಗಳು 12,000ಕ್ಕೂ ಹೆಚ್ಚು. ದೇಶದ ಪೂರ್ವಭಾಗದಲ್ಲಿ, ಫ್ಲಾರಿಡಾದ ಒಂದು ಮೂಲೆ ಬಿಟ್ಟರೆ, ಅದರ ವಂಶವೇ ಅಳಿಯಿತು. ಆರೆಗಾನ್ ರಾಜ್ಯದಲ್ಲಿ 1960ರ ದಶಕದ ಹೊತ್ತಿಗೆ ಉಳಿದದ್ದು ಸುಮಾರು 200 ಎಂದು ಅಂದಾಜು. ಆಮೇಲೆ ಎಚ್ಚೆತ್ತ ರಾಜ್ಯಗಳು ಇನಾಮು ನಿಲ್ಲಿಸಿ, ಪರವಾನಗಿ ಇದ್ದವರು ಮಾತ್ರ ಬೇಟೆಯಾಡಬೇಕೆಂದು ನಿಯಮ ಮಾಡಿದವು.

ನಾಯಿ ಬೇಟೆ ನಡೆಯುವ ರೀತಿ ಹೀಗೆ. ಹಿಮ ಬಿದ್ದ ಮುಂಜಾನೆ ಬೇಟೆಗಾರ ಕೂಗರಿನ ಹೆಜ್ಜೆ ಹುಡುಕಿ ನಾಯಿಗಳನ್ನು ಬಿಡುತ್ತಾನೆ. ಅವು ವಾಸನೆ ಹಿಡಿದು, ಬೊಗಳುತ್ತಾ ಓಡುತ್ತವೆ. ಕೂಗರಿಗೆ ಬಲ ಇದೆ, ಆದರೆ ದಮ್ಮಿಲ್ಲ, ದೂರ ಓಡಲಾರದು. ಮರ ಹತ್ತಿ ಕೂರುತ್ತದೆ. ನಾಯಿಗಳು ಬುಡ ಸುತ್ತುಗಟ್ಟಿ ಬೊಗಳುತ್ತವೆ. ಈಗ ನಾಯಿಯ ಕೊರಳಲ್ಲಿ ಉಪಗ್ರಹದ ಪಟ್ಟಿ ಇರುವುದರಿಂದ, ಬೇಟೆಗಾರ ನಿಧಾನವಾಗಿ ನಡೆದು ಬಂದರೂ ಆಯಿತು. ಕೆಳಗೆ ನಿಂತು ಗುಂಡು ಹಾರಿಸುತ್ತಾನೆ.

ವಿರೋಧಿಸುವವರು ಹೇಳುವುದು ಇದನ್ನೇ. ಮರದ ಮೇಲೆ ಸಿಕ್ಕಿಬಿದ್ದ ಪ್ರಾಣಿಯನ್ನು ಹೊಡೆಯುವುದು ಬೇಟೆಯೇ? ಅದಕ್ಕೆ ತಪ್ಪಿಸಿಕೊಳ್ಳುವ ದಾರಿ ಎಲ್ಲಿದೆ? ತಾಯಿ ಸತ್ತರೆ ಎಲ್ಲೋ ಬಚ್ಚಿಟ್ಟ ಮರಿಗಳು ಹಸಿವಿನಿಂದ ಸಾಯುವುದಿಲ್ಲವೇ?

ಪರವಾಗಿರುವವರ ಮಾತಿನಲ್ಲೂ ಹುರುಳಿದೆ. ಮರದ ಮೇಲಿನ ಪ್ರಾಣಿಯನ್ನು ಸಾವಕಾಶವಾಗಿ ನೋಡಬಹುದು. ಗಂಡೋ ಹೆಣ್ಣೋ, ಮೊಲೆ ತುಂಬಿದೆಯೋ ಎಂದು ತಿಳಿದು, ಬೇಡವೆನಿಸಿದರೆ ನಾಯಿ ಕಟ್ಟಿಕೊಂಡು ಹಿಂದಿರುಗಬಹುದು. ನಾಯಿ ಇಲ್ಲದವನಿಗೆ ಕೂಗರ್ ಕಾಣುವುದೇ ಅಪರೂಪ, ಕಂಡರೆ ಕ್ಷಣಮಾತ್ರ. ಅವನು ಕಂಡದ್ದಕ್ಕೆ ಹೊಡೆಯುತ್ತಾನೆ. ಇನ್ನೊಂದು ಮಾತೂ ಇದೆ. ಕೂಗರಿನ ಬಗ್ಗೆ ಇಂದು ತಿಳಿದಿರುವುದರಲ್ಲಿ ಬಹುಪಾಲು ನಾಯಿಗಳಿಂದಲೇ ತಿಳಿದದ್ದು. ಮಾರಿಸ್ ಹಾರ್ನಾಕರ್ ಎಂಬ ವಿಜ್ಞಾನಿ 1964ರಲ್ಲಿ ಐಡಹೋ ರಾಜ್ಯದ ಬೆಟ್ಟಗಳಲ್ಲಿ ನಾಯಿಗಳಿಂದ ಕೂಗರನ್ನು ಮರ ಹತ್ತಿಸಿ, ಮದ್ದು ಕೊಟ್ಟು ಇಳಿಸಿ, ಗುರುತು ಹಾಕಿ ಬಿಡತೊಡಗಿದರು. ಪ್ರತಿಯೊಂದೂ ತನ್ನ ಜಾಗ ಹಿಡಿದು ಇನ್ನೊಂದನ್ನು ದೂರವಿಡುವುದರಿಂದ, ಕೂಗರ್ ತನ್ನ ಸಂಖ್ಯೆಯನ್ನು ತಕ್ಕಮಟ್ಟಿಗೆ ತಾನೇ ಹತೋಟಿಯಲ್ಲಿಡುತ್ತದೆ ಎಂದು ಅವರು ತೋರಿಸಿದರು.

ಈ ವಾದವನ್ನು ಅಲ್ಲಿನ ರಾಜ್ಯಗಳು ಜನರ ಮತಕ್ಕೇ ಹಾಕಿದವು. 1972ರಿಂದಲೇ ಬೇಟೆ ನಿಲ್ಲಿಸಿದ್ದ ಕ್ಯಾಲಿಫೋರ್ನಿಯಾದ ಜನ 1990ರಲ್ಲಿ ಅದನ್ನು ಕಾಯಂ ಮಾಡಿದರು. 1994ರಲ್ಲಿ ಆರೆಗಾನ್ ನಾಯಿ ಬೇಟೆಯನ್ನು ನಿಷೇಧಿಸಿತು. ಪರವಾಗಿ ಬಿದ್ದ ಮತ ನೂರಕ್ಕೆ 52ರಷ್ಟು. 1996ರಲ್ಲಿ ವಾಷಿಂಗ್ಟನ್ ರಾಜ್ಯವೂ ಹಾಗೇ ಮಾಡಿತು, ಅಲ್ಲಿ ನೂರಕ್ಕೆ 63. ಕೊಲರಾಡೊದಲ್ಲಿ 2024ರಲ್ಲಿ ಕೂಗರ್ ಬೇಟೆಯನ್ನೇ ನಿಲ್ಲಿಸುವ ಸಲಹೆ ಮತಕ್ಕೆ ಬಂದು ಸೋತಿತು. ಆರೆಗಾನ್‌ನಲ್ಲಿ ನಿಷೇಧ ಬೇಕೆಂದವರು ಹೆಚ್ಚಾಗಿ ನಗರದವರು, ಬೇಡವೆಂದವರು ಕುರಿ ದನ ಸಾಕುವ ಜಿಲ್ಲೆಗಳವರು. ಪ್ರಾಣಿಯನ್ನು ಚಿತ್ರದಲ್ಲಿ ನೋಡುವವರ ಮತವೂ, ಹಟ್ಟಿಯ ಬಾಗಿಲಲ್ಲಿ ನೋಡುವವರ ಮತವೂ ಒಂದೇ ತೂಕದವು. ಹಳ್ಳಿಯವರ ನೋವು ಅಲ್ಲಿದೆ. ಆದರೆ ಕಾಡು ಎಲ್ಲರದು ಎಂಬ ನಗರದವರ ಮಾತೂ ಸುಳ್ಳಲ್ಲ.

ನಿಷೇಧದ ನಂತರ ಏನಾಯಿತು? ಎರಡೂ ಪಕ್ಷದವರು ಎಣಿಸಿದಂತೆ ಆಗಲಿಲ್ಲ. ನಾಯಿ ಹೋದದ್ದಕ್ಕೆ ಬದಲಾಗಿ ಸರ್ಕಾರಗಳು ಪರವಾನಗಿ ದರ ಇಳಿಸಿ, ಬೇಟೆಯ ಕಾಲ ಹೆಚ್ಚಿಸಿದವು. ಮೊದಲು ನೂರರ ಲೆಕ್ಕದಲ್ಲಿ ಖರ್ಚಾಗುತ್ತಿದ್ದ ಪರವಾನಗಿ ಸಾವಿರ ಸಾವಿರವಾಗಿ ಖರ್ಚಾಯಿತು. ಜಿಂಕೆ ಬೇಟೆಗೆ ಹೋದವರೂ ಕೂಗರಿನ ಚೀಟಿ ಜೇಬಿನಲ್ಲಿಟ್ಟುಕೊಂಡರು. ಕೆಲವೇ ವರ್ಷಗಳಲ್ಲಿ ಸಾಯುವ ಕೂಗರ್‌ಗಳ ಸಂಖ್ಯೆ ಮೊದಲಿನ ಮಟ್ಟ ಮುಟ್ಟಿತು. ವಾಷಿಂಗ್ಟನ್‌ನಲ್ಲಿ ಸತ್ತವುಗಳ ಪೈಕಿ ಹೆಣ್ಣಿನ ಪಾಲು ಹೆಚ್ಚಿತು. ದನಕರುಗಳನ್ನು ಕೊಂದ ಕೂಗರನ್ನು ಹಿಡಿಯಲು ನಾಯಿ ಬಳಸುವುದಕ್ಕೆ ಈ ರಾಜ್ಯಗಳಲ್ಲಿ ಕಾನೂನು ಈಗಲೂ ಅವಕಾಶ ಕೊಟ್ಟಿದೆ. ಆರೆಗಾನ್‌ನಲ್ಲಿ ಇಂದು ಕೂಗರ್‌ಗಳು 6,000 ದಾಟಿವೆ ಎಂದು ವನ್ಯಜೀವಿ ಇಲಾಖೆ ಹೇಳುತ್ತದೆ. ಆ ಲೆಕ್ಕದಲ್ಲಿ ಮರಿಗಳೂ ಸೇರಿವೆಯಲ್ಲ ಎಂಬುದು ವಿರೋಧಿಗಳ ತಕರಾರು.

ಇಲ್ಲಿ ನನ್ನ ಗುಮಾಸ್ತಿಕೆ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ರಾಬ್ ವಿಲ್ಗಸ್ ಮತ್ತು ಸಂಗಡಿಗರ ಲೆಕ್ಕದಂತೆ ಕೂಗರ್‌ಗಳ ಸಂಖ್ಯೆ ವರ್ಷಕ್ಕೆ ನೂರಕ್ಕೆ ಸುಮಾರು 14ರಷ್ಟು ಬೆಳೆಯಬಲ್ಲದು. ಇದನ್ನು ಬಡ್ಡಿ ಎನ್ನೋಣ. ಬಡ್ಡಿಯಷ್ಟೇ ತೆಗೆದರೆ ಅಸಲು ಉಳಿಯುತ್ತದೆ. ವಾಷಿಂಗ್ಟನ್ ರಾಜ್ಯ ಈ ಲೆಕ್ಕ ಹಿಡಿದೇ ನೂರಕ್ಕೆ 12ರಿಂದ 16ರ ಮಿತಿ ಹಾಕಿಕೊಂಡಿತು. ಆದರೆ ಕಾಡಿನ ಖಾತೆಯಲ್ಲಿ ಎಲ್ಲ ನೋಟೂ ಒಂದೇ ಬೆಲೆಯದಲ್ಲ. ಜಾಗ ಹಿಡಿದ ಹಳೆಯ ಗಂಡು ಸತ್ತರೆ ಆ ಜಾಗಕ್ಕೆ ಹೊರಗಿನಿಂದ ಹರೆಯದ ಗಂಡುಗಳು ನುಗ್ಗುತ್ತವೆ. ಅವು ಇನ್ನೂ ಬೇಟೆ ಪಳಗದವು, ಊರಿನ ಅಂಚಿಗೆ ಬರುವವು. ಹಿಂದಿನ ವರ್ಷ ಹೆಚ್ಚು ಕೂಗರ್ ಕೊಂದ ಕಡೆ ಮರುವರ್ಷ ದೂರುಗಳು ಹೆಚ್ಚಿದ್ದವು ಎಂದು 2013ರಲ್ಲಿ ಇದೇ ತಂಡ ಪ್ರಕಟಿಸಿತು. ಬಂದ ದೂರುಗಳೆಲ್ಲ ಖಚಿತವಲ್ಲ ಎಂಬ ಆಕ್ಷೇಪ ಇರಬಹುದು. ಆದರೂ ಕೊಂದಷ್ಟೂ ಕಾಟ ಕಡಿಮೆ ಎಂಬ ಹಳೆಯ ನಂಬಿಕೆ ಅಲುಗಾಡಿದ್ದು ನಿಜ.

ನಮ್ಮ ಕಡೆಗೂ ಇದಕ್ಕೆ ಸಾಕ್ಷಿ ಇದೆ. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ 2001ರಿಂದ ಎರಡು ಮೂರು ವರ್ಷ ನೂರಕ್ಕೂ ಹೆಚ್ಚು ಚಿರತೆಗಳನ್ನು ಬೋನಿಟ್ಟು ಹಿಡಿದು ಬೇರೆ ಕಾಡಿಗೆ ಬಿಟ್ಟರು. ಊರಿಗೆ ನೆಮ್ಮದಿ ಸಿಗಬೇಕಿತ್ತು. ಆದರೆ ಮೊದಲು ವರ್ಷಕ್ಕೆ ನಾಲ್ಕರಂತೆ ಮನುಷ್ಯರ ಮೇಲೆ ಆಗುತ್ತಿದ್ದ ದಾಳಿ ಹದಿನೇಳಕ್ಕೆ ಏರಿತು ಎಂದು ವಿದ್ಯಾ ಆತ್ರೇಯ ಅವರ ಅಧ್ಯಯನ ಹೇಳುತ್ತದೆ. ಅಲ್ಲಿ ಕೊಂದದ್ದಲ್ಲ, ಬರಿ ಸಾಗಿಸಿದ್ದು. ಆದರೂ ಪ್ರಾಣಿಗಳ ನಡುವಿನ ಹಳೆಯ ವ್ಯವಸ್ಥೆ ಕೆಟ್ಟಿತ್ತು.

ಹಾಗಾದರೆ ಸುಮ್ಮನಿರಬೇಕೇ? ಇಲ್ಲ. ಆಡನ್ನು ನಿಜವಾಗಿ ಕದ್ದ ಒಂದು ಪ್ರಾಣಿಯನ್ನು ಗುರುತಿಸಿ ತೆಗೆಯುವುದು ಬೇರೆ, ಸಿಕ್ಕಿದ್ದನ್ನು ಹೊಡೆದು ತಲೆ ಎಣಿಸುವುದು ಬೇರೆ. ಅಮೆರಿಕದ ಮೂವತ್ತು ವರ್ಷದ ಜಗಳದಿಂದ ನಾನು ತಿಳಿದದ್ದು ಇಷ್ಟು. ನಾಯಿ ಬೇಕೋ ಬೇಡವೋ ಎಂಬುದು ಮನುಷ್ಯನ ನಡತೆಯ ಪ್ರಶ್ನೆ, ಅದನ್ನು ಮತ ಹಾಕಿ ತೀರ್ಮಾನಿಸಬಹುದು. ಎಷ್ಟು ಸಾಯಬೇಕು, ಯಾವುದು ಸಾಯಬೇಕು ಎಂಬುದು ಕಾಡಿನ ಲೆಕ್ಕ, ಅದು ಮತದಿಂದ ತೀರುವುದಿಲ್ಲ. ಈ ಎರಡನ್ನು ಬೆರೆಸಿದ್ದರಿಂದಲೇ ಅಲ್ಲಿ ಗೆದ್ದವರಿಗೂ ನೆಮ್ಮದಿ ಸಿಗಲಿಲ್ಲ.

ಮೂರನೆಯದೊಂದು ಲೆಕ್ಕವೂ ಇದೆ, ಅದು ಹಟ್ಟಿಯದು. ಕಾಡು ಎಲ್ಲರದು ಎಂದಾದರೆ ಹೋದ ಆಡಿನ ನಷ್ಟವೂ ಎಲ್ಲರದಾಗಬೇಕು. ಗಟ್ಟಿ ಬೇಲಿ, ಮೇಲೆ ಮಾಡಿರುವ ದೊಡ್ಡಿ, ರಾತ್ರಿ ಕಾವಲು ಇವು ಚಿರತೆಯನ್ನೂ ಉಳಿಸುತ್ತವೆ, ಆಡನ್ನೂ ಉಳಿಸುತ್ತವೆ. ಅದಕ್ಕೆ ಬೇಕಾದ ಹಣವನ್ನು ಆಡಿನ ಒಡತಿಯೊಬ್ಬಳೇ ಸಾಲ ಮಾಡಿ ತರಬಾರದು. ಆ ದಿನ ನನ್ನ ಮೇಜಿನ ಮುಂದೆ ನಿಂತವರಿಗೆ ನಾನು ಹೇಳಬೇಕಾಗಿದ್ದ ಮಾತು ಇದು. ಅಂದು ಹೇಳಲಿಲ್ಲ. ಇಂದು ನಿಮ್ಮೆಲ್ಲರ ಮುಂದೆ ಹೇಳಿದ್ದೇನೆ.

ಹಟ್ಟಿಯ ಬಾಗಿಲು ಭದ್ರವಾಗಿರಲಿ.