ನೌಕಾಪಡೆ ಬ್ಯಾಂಡ್, ಚರ್ಚ್ ಬ್ಯಾಂಡ್: ಎರಡು ದೋಣಿಯಲ್ಲಿ ಕಾಲಿಡಬಹುದಾ?

ವಿಕ್ರೋಳಿಯ ಒಬ್ಬ ಹುಡುಗ ಅಂತ ಇಟ್ಕೊಳ್ಳಿ. ಮಂಗಳೂರು ಕಡೆಯ ಮನೆ, ಚರ್ಚ್ ಬ್ಯಾಂಡಲ್ಲಿ ಟ್ರಂಪೆಟ್ ಊದ್ತಾನೆ. ಈಗ ನೌಕಾಪಡೆಯ ಬ್ಯಾಂಡ್ ಸೇರಬೇಕು ಅಂತಾನೆ. ಮನೆಯವರ ಪ್ರಶ್ನೆ ಒಂದೇ: "ಸೇರಿದ ಮೇಲೆ ಚರ್ಚಿಗೆ ಬರೋಕಾಗುತ್ತಾ?" ಇವತ್ತು ಇದನ್ನೇ ನೋಡೋಣ.

ಮೊದಲು ವ್ಯವಸ್ಥೆ ಹೇಗಿದೆ ಅಂತ ತಿಳ್ಕೊಳ್ಳೋಣ. ನೌಕಾಪಡೆಯ ಸಂಗೀತ ಶಾಲೆ ಇರೋದು ನಮ್ಮ ಮುಂಬಯಿಯಲ್ಲೇ, ಕೊಲಾಬಾದ ಐಎನ್‌ಎಸ್ ಕುಂಜಾಲಿಯಲ್ಲಿ. 2022ರಿಂದ ನೇಮಕಾತಿ ಅಗ್ನಿವೀರ್ ಯೋಜನೆಯಲ್ಲಿ ನಡೀತಿದೆ. ಸಂಗೀತಗಾರರಿಗೆ ಬೇರೆಯೇ ವಿಭಾಗ ಇದೆ. ಹತ್ತನೇ ತರಗತಿ ಪಾಸಾಗಿರಬೇಕು, ವಾದ್ಯದಲ್ಲಿ ಕೈ ಪಳಗಿರಬೇಕು, ಸ್ವರಜ್ಞಾನ ಇರಬೇಕು. ಸೇವೆ ನಾಲ್ಕು ವರ್ಷ. ಮೂಲ ತರಬೇತಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ. ಕೊಲಾಬಾ ಲೋಕಲ್ ಟ್ರೈನ್ ದೂರದಲ್ಲಿದೆ ಅಂತ ನಾಲ್ಕೂ ವರ್ಷ ಮನೆ ಹತ್ತಿರವೇ ಇರ್ತಾನೆ ಅಂದ್ಕೋಬೇಡಿ. ಎಲ್ಲಿಗೆ ಹಾಕ್ತಾರೋ ಅಲ್ಲಿಗೆ ಹೋಗಬೇಕು.

ಇನ್ನು ಕ್ಯಾಲೆಂಡರ್. ಡಿಸೆಂಬರ್ 4 ನೌಕಾಪಡೆ ದಿನ. 1971ರ ಕರಾಚಿ ದಾಳಿಯ ನೆನಪಿಗೆ ಅದನ್ನು ಆಚರಿಸ್ತಾರೆ. ಬ್ಯಾಂಡಿಗೆ ಆಗ ಕೈತುಂಬ ಕೆಲಸ. ಚರ್ಚಿನಲ್ಲಿ ಕ್ರಿಸ್ಮಸ್ ಹಾಡುಗಳ ಪ್ರಾಕ್ಟೀಸ್ ಶುರುವಾಗೋದೂ ಆಗಲೇ. ಅದು ಮುಗಿದರೆ ಜನವರಿ 26ರ ತಯಾರಿ. ನಾವು ಸಾಫ್ಟ್‌ವೇರ್‌ನವರು ಕೆಲಸಗಳಿಗೆ ಪ್ರಯಾರಿಟಿ ಕೊಡ್ತೀವಲ್ಲ, ಇಲ್ಲೂ ಹಾಗೇ. ಒಂದು ವ್ಯತ್ಯಾಸ ಏನಂದ್ರೆ, ಇಲ್ಲಿ ಮೊದಲ ಸ್ಥಾನ ಯಾವುದಕ್ಕೆ ಅನ್ನೋದು ಸಹಿ ಹಾಕಿದ ದಿನವೇ ತೀರ್ಮಾನ ಆಗಿರುತ್ತೆ. ರಜೆ ಸಿಕ್ಕಾಗ ಬಂದು ಊದಬಹುದು. ಆದರೆ ಅನುಮತಿ ಇಲ್ಲದೆ ಮದುವೆ ಮೆರವಣಿಗೆಯಲ್ಲಿ ದುಡ್ಡಿಗೆ ಊದೋ ಹಾಗಿಲ್ಲ.

ಮೂರನೆಯದು ನಂಬಿಕೆ. ಚರ್ಚಲ್ಲಿ ಊದೋ ಪ್ರತಿ ಸ್ವರವೂ ಪ್ರಾರ್ಥನೆ. ಸಮವಸ್ತ್ರದಲ್ಲಿ ಅದು ಕರ್ತವ್ಯ. 'ಅಬೈಡ್ ವಿತ್ ಮಿ' ಅನ್ನೋ ಸ್ತೋತ್ರಗೀತೆ ನೆನಪಿದೆಯಾ? ಗಾಂಧೀಜಿಗೆ ಪ್ರಿಯವಾದದ್ದು. ದೆಹಲಿಯ ವಿಜಯ್ ಚೌಕದಲ್ಲಿ ಜನವರಿ 29ರ ಬೀಟಿಂಗ್ ರಿಟ್ರೀಟ್‌ನಲ್ಲಿ ಮೂರೂ ಪಡೆಗಳ ಬ್ಯಾಂಡ್‌ಗಳು ದಶಕಗಳ ಕಾಲ ಅದನ್ನು ನುಡಿಸಿದವು. 2022ರಲ್ಲಿ ಅದನ್ನು ಕೈಬಿಟ್ಟು 'ಏ ಮೇರೆ ವತನ್ ಕೆ ಲೋಗೋ' ಸೇರಿಸಿದರು. ಸರಿಯೋ ತಪ್ಪೋ ಅನ್ನೋ ಚರ್ಚೆ ಬೇರೆ. ನಮ್ಮ ಹುಡುಗ ತಿಳ್ಕೋಬೇಕಾದ್ದು ಇಷ್ಟು: ಯಾವ ಹಾಡು ನುಡಿಸಬೇಕು ಅನ್ನೋದು ಅವನ ಕೈಯಲ್ಲಿರೋದಿಲ್ಲ. ಭಜನೆ ಕೊಟ್ಟರೂ, ಸ್ತೋತ್ರ ಕೊಟ್ಟರೂ ಅಷ್ಟೇ ಶ್ರದ್ಧೆಯಿಂದ ಊದಬೇಕು. ಇದಕ್ಕೆ ಮನಸ್ಸು ಒಪ್ಪದಿದ್ದರೆ ಅರ್ಜಿ ಹಾಕೋಕೆ ಮುಂಚೆಯೇ ಮನೆಯಲ್ಲಿ ಕೂತು ಮಾತಾಡೋದು ಒಳ್ಳೇದು.

ಇಷ್ಟು ಹೊತ್ತು ಹುಡುಗನ ಕಡೆಯಿಂದ ನೋಡಿದೆವು. ಆದರೆ ಸಮತೋಲನ ಅವನೊಬ್ಬನ ತಲೆನೋವಲ್ಲ. ಬೇಸ್ ಊದೋನು ಒಬ್ಬನೇ ಇದ್ದು ಅವನೂ ಹೋದರೆ ಇಡೀ ಬ್ಯಾಂಡ್ ಕುಂಟುತ್ತೆ. ಆಗ "ನೀನು ನಮ್ಮನ್ನ ಬಿಟ್ಟು ಹೋದೆ" ಅನ್ನೋ ಮಾತು ಬರುತ್ತೆ. ಅದಕ್ಕೇ ಪ್ರತಿ ವಾದ್ಯಕ್ಕೂ ಇಬ್ಬರನ್ನ ತಯಾರು ಮಾಡಿ. ಹೊರಡೋಕೆ ಆರು ತಿಂಗಳು ಮುಂಚೆಯೇ ಅವನ ಪಕ್ಕ ಒಬ್ಬ ಚಿಕ್ಕವನನ್ನ ಕೂರಿಸಿ. ಒಂದೇ ದಿನ ಮೂರು ಗಂಟೆ ಊದಿಸಬೇಡಿ, ತುಟಿಯ ಸ್ನಾಯು ದಣಿಯುತ್ತೆ. ದಿನಾ ಇಪ್ಪತ್ತು ನಿಮಿಷ ಸಾಕು. ಚಾಳಲ್ಲಿ ಅಕ್ಕಪಕ್ಕದವರಿಗೆ ತೊಂದರೆ ಆಗದಂತೆ ಮ್ಯೂಟ್ ಹಾಕ್ಕೊಳ್ಳಲಿ.

ಯಾಕೆ ಇಷ್ಟು ಹೇಳ್ತಿದ್ದೀನಿ ಅಂದ್ರೆ, ನಾಲ್ಕು ವರ್ಷದ ಮೇಲೆ ಕಾಯಂ ಆಗಿ ಉಳಿಸಿಕೊಳ್ಳೋದು ಹೆಚ್ಚೆಂದರೆ ಶೇಕಡಾ 25 ಮಂದಿಯನ್ನು. ಉಳಿದವರು ಇಪ್ಪತ್ತರ ಹರೆಯದಲ್ಲೇ ಮನೆಗೆ ವಾಪಸ್. ಸ್ವರಲಿಪಿ ಓದೋದು, ಶಿಸ್ತು, ದೊಡ್ಡ ಬ್ಯಾಂಡಿನ ಅನುಭವ ಎಲ್ಲ ಅವರ ಜೊತೆ ಬರುತ್ತೆ. ಹೋಗುವಾಗ ಮುನಿಸಿಕೊಂಡ ಚರ್ಚಿಗೆ ಅದು ಸಿಗೋದು ಕಷ್ಟ. ಅವನ ಕುರ್ಚಿ ಇಟ್ಟುಕೊಂಡು ಕಾದ ಚರ್ಚಿಗೆ ಒಬ್ಬ ಮೇಷ್ಟ್ರೇ ಸಿಕ್ಕ ಹಾಗೆ.

ಹಾಗಾದ್ರೆ ಎರಡು ದೋಣಿಯಲ್ಲಿ ಕಾಲಿಡಬಹುದಾ? ಒಟ್ಟೊಟ್ಟಿಗೆ ಆಗಲ್ಲ. ಒಂದರಲ್ಲಿ ಹೋಗಿ ಇನ್ನೊಂದಕ್ಕೆ ಮರಳಬಹುದು, ದಡದಲ್ಲಿರೋರು ಹಗ್ಗ ಹಿಡಿದಿದ್ದರೆ. ಮುಂದಿನ ವಿಡಿಯೋದಲ್ಲಿ ಸಿಗೋಣ.