ಬೆಟ್ಟದ ಸೈಕಲ್ಲಿನಲ್ಲಿ ಪಾದನ್ಯಾಸ

ಸೈಕಲ್ಲಿನ ಸವಾರಿಯನ್ನು ಕನ್ನಡದಲ್ಲಿ ‘ತುಳಿಯುವುದು’ ಎಂದು ಹೇಳುವುದು ರೂಢಿ. ತೆಲುಗಿನಲ್ಲಿ ಇದಕ್ಕೆ ‘ತೊಕ್ಕು’ ಎಂಬ ಧಾತು ಸಲ್ಲುವುದು. ತಮಿಳಿನಲ್ಲಿ ವಾಹನಕ್ಕೇ ‘ಮಿದಿವಂಡಿ’ ಎಂಬ ಹೆಸರುಂಟು. ಅಲ್ಲಿ ‘ಮಿದಿ’ ಎಂದರೆ ತುಳಿ ಎಂದೇ ಅರ್ಥ. ಬಂಗಾರಪೇಟೆಯಲ್ಲಿಯೂ ಕೋಲಾರ ಚಿನ್ನದ ಗಣಿಯ ಬೀದಿಗಳಲ್ಲಿಯೂ ಈ ಮೂರು ನುಡಿಗಳು ಒಟ್ಟಿಗೆ ಕೇಳಿಬರುವುವು. ಮೂರೂ ಕಾಲಿನ ಕ್ರಿಯೆಯನ್ನೇ ಹಿಡಿದು ಈ ಸವಾರಿಯನ್ನು ಹೆಸರಿಸಿವೆ. ಆದರೆ ಅಂಗಾಲಿನ ಯಾವ ಭಾಗದಿಂದ ತುಳಿಯತಕ್ಕದ್ದೆಂಬುದನ್ನು ಇವುಗಳಲ್ಲಿ ಒಂದು ಶಬ್ದವೂ ತಿಳಿಸುವುದಿಲ್ಲ. ಸಮನಾದ ದಾರಿಯಲ್ಲಿ ಈ ಮೌನದಿಂದ ಬಾಧಕವಿಲ್ಲ. ಕಲ್ಲುಗುಡ್ಡದ ಇಳಿಜಾರಿನಲ್ಲಾದರೋ ಸವಾರನು ಉಳಿಯುವುದೂ ಉರುಳುವುದೂ ಬಹುಮಟ್ಟಿಗೆ ಪಾದದ ಸ್ಥಾನವನ್ನೇ ಅವಲಂಬಿಸಿರುವುದು.

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಹೋಗುವ ರೈಲಿನ ಕವಲು ಸುಮಾರು ೧೬ ಕಿಲೋಮೀಟರು ಉದ್ದವಾದುದು. ಆ ಆಸುಪಾಸಿನ ರಸ್ತೆಗಳು ಸಾಮಾನ್ಯ ಸೈಕಲ್ಲಿಗೆ ಸುಗಮವಾದುವು. ೨೦೦೧ನೆಯ ಫೆಬ್ರವರಿ ೨೮ರಂದು ಗಣಿಗಳು ಮುಚ್ಚುವ ತನಕ ಪಾಳಿಯ ಕೆಲಸಕ್ಕೆ ಹೋಗುವವರಿಗೆ ಸೈಕಲ್ಲು ಚಿರಪರಿಚಿತವಾದ ವಾಹನವಾಗಿದ್ದಿತು. ರಸ್ತೆಯನ್ನು ಬಿಟ್ಟು ಗುಡ್ಡದ ಕಾಲುದಾರಿಯನ್ನು ಹಿಡಿದೊಡನೆ ನೆಲದ ಸ್ವಭಾವವೇ ಬೇರೆಯಾಗುವುದು. ಬಂಡೆ, ಸಡಿಲವಾದ ಗರಸು, ಮಳೆನೀರು ಕೊರೆದ ಕೊರಕಲು ಇವು ಒಂದರ ಬಳಿಕ ಒಂದು ಎದುರಾಗುವುವು. ಕೋಲಾರದ ಅಂತರಗಂಗೆಯ ಬೆಟ್ಟದಲ್ಲಿಯೂ ಇಂಥದೇ ಬಂಡೆಗಳ ರಾಶಿಯುಂಟು. ಗಣಿಯ ಊರಿನಲ್ಲಿ ಸೈನೈಡ್ ದಿಬ್ಬಗಳೆಂದು ಹೆಸರಾದ ಹಿಟ್ಟುಮಣ್ಣಿನ ಗುಡ್ಡಗಳು ಮಾತ್ರ ಸವಾರಿಗೆ ಯೋಗ್ಯವಲ್ಲ. ಅದಿರನ್ನು ಅರೆದು ಚಿನ್ನವನ್ನು ತೆಗೆದ ಮೇಲೆ ಉಳಿದ ಆ ಧೂಳು ಉಸಿರಿಗೆ ಹಿತವಾದುದಲ್ಲ.

ಪೆಡಲಿನ ಅಚ್ಚು ಹೆಬ್ಬೆರಳಿನ ಬುಡದ ಉಬ್ಬಿನ ಕೆಳಗೆ ನೇರವಾಗಿ ಇರಬೇಕೆಂಬ ನಿಯಮವು ಬಹುಕಾಲದಿಂದ ಬೋಧನೆಯಲ್ಲಿದೆ. ರಸ್ತೆಯ ಪಂದ್ಯಗಳ ಸವಾರರು ಬೆರಳತುದಿಯನ್ನು ಹಿಡಿಯುವ ಪಟ್ಟಿಗಳನ್ನೂ, ಅನಂತರ ಪೆಡಲಿಗೆ ಕಚ್ಚಿಕೊಳ್ಳುವ ಪಾದರಕ್ಷೆಗಳನ್ನೂ ಬಳಸಿದರು. ಈ ನಿಯಮವು ಅಲ್ಲಿ ಬೇರೂರಿತು. ಅಲ್ಲಿ ಪಾದವು ಕಟ್ಟಲ್ಪಟ್ಟಿರುವುದರಿಂದ ಜಾರುವ ಭಯವಿಲ್ಲ. ೧೯೭೦ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದ ಗುಡ್ಡಗಳಲ್ಲಿ ಬೆಟ್ಟದ ಸೈಕಲ್ಲು ರೂಪುಗೊಂಡ ಮೇಲೆ ಅದೇ ನಿಯಮವು ವಿಚಾರಣೆಯಿಲ್ಲದೆ ಚಪ್ಪಟೆ ಪೆಡಲಿಗೂ ಅನ್ವಯಿಸಲ್ಪಟ್ಟಿತು. ಚಪ್ಪಟೆ ಪೆಡಲಿನಲ್ಲಿ ಪಾದವನ್ನು ಹಿಡಿದಿಡತಕ್ಕವು ಎರಡೇ: ಮೇಲಿನಿಂದ ಬೀಳುವ ದೇಹದ ಭಾರ, ಮತ್ತು ಪೆಡಲಿನ ಸಣ್ಣ ಮೊಳೆಗಳಿಗೂ ಅಟ್ಟೆಯ ರಬ್ಬರಿಗೂ ನಡುವಣ ಘರ್ಷಣೆ.

ಇಲ್ಲಿ ಪೆಡಲಿಗೆ ಎರಡು ಭಿನ್ನವಾದ ಕೆಲಸಗಳಿರುವುದನ್ನು ಗಮನಿಸಬೇಕು. ಏರಿನಲ್ಲಿ ಅದು ತುಳಿಯುವ ಸಾಧನ. ಇಳಿಜಾರಿನಲ್ಲಿ ಸವಾರನು ತುಳಿಯುವುದೇ ಇಲ್ಲ. ಆಸನದಿಂದ ಎದ್ದು ಎರಡು ಪೆಡಲುಗಳನ್ನೂ ಒಂದೇ ಮಟ್ಟದಲ್ಲಿರಿಸಿ ಅವುಗಳ ಮೇಲೆ ನಿಲ್ಲುವನು. ಕ್ರ್ಯಾಂಕಿನ ಉದ್ದವು ಸಾಮಾನ್ಯವಾಗಿ ೧೭ ಸೆಂಟಿಮೀಟರು. ಒಂದು ಕಾಲನ್ನು ಕೆಳಗಿಳಿಸಿದರೆ ಪೆಡಲು ಅಷ್ಟು ತಗ್ಗಿಗೆ ಹೋಗಿ ಬಂಡೆಗೆ ತಗಲುವುದು. ಆದಕಾರಣ ಮಟ್ಟವಾಗಿ ನಿಲ್ಲುವುದು ಅವಶ್ಯ.

ಹೀಗೆ ನಿಂತಾಗ ಪಾದವು ಒಂದು ಸನ್ನೆಗೋಲಿನಂತೆ ವರ್ತಿಸುವುದು. ಅಚ್ಚು ಹರಡಿನ ಕೀಲಿನಿಂದ ಎಷ್ಟು ಮುಂದಿರುವುದೋ ಮೀನಖಂಡದ ಸ್ನಾಯುಗಳಿಗೆ ಅಷ್ಟು ಹೆಚ್ಚು ಶ್ರಮ. ಉದಾಹರಣೆಗೆ, ಒಂದೊಂದು ಕಾಲಿನ ಮೇಲೆ ೩೦ ಕಿಲೋಗ್ರಾಂ ಭಾರವಿದ್ದು ಆ ದೂರವು ೧೨ ಸೆಂಟಿಮೀಟರಾದರೆ ತಿರುಗುಬಲವು ೩೬೦. ಪಾದವನ್ನು ೩ ಸೆಂಟಿಮೀಟರು ಮುಂದಕ್ಕೆ ಸರಿಸಿದರೆ ದೂರವು ೯ ಆಗಿ ತಿರುಗುಬಲವು ೨೭೦ಕ್ಕೆ ಇಳಿಯುವುದು. ಕಾಲು ಪಾಲು ಶ್ರಮವು ಕಡಮೆಯಾದಂತಾಯಿತು. ಕಲ್ಲಿನಿಂದ ಧುಮುಕಿದಾಗ ಭಾರವು ಇಮ್ಮಡಿಯಾದರೆ ಈ ಅಂತರವೂ ಇಮ್ಮಡಿಯಾಗುವುದು. ತಲೆಯ ಮೇಲೆ ಹೊರೆ ಹೊತ್ತು ಬೆಟ್ಟವನ್ನು ಇಳಿಯುವವರು ತುದಿಗಾಲಿನಲ್ಲಿ ಇಳಿಯದಿರುವುದಕ್ಕೂ ಇದೇ ಕಾರಣ.

ಹಾಗೆಂದು ಹಿಮ್ಮಡಿಯನ್ನೇ ಪೆಡಲಿನ ಮೇಲಿಡುವುದು ಸರಿಯಲ್ಲ. ಆಗ ಹರಡು ಬಾಗಿ ಪೆಟ್ಟನ್ನು ನುಂಗಲು ಅವಕಾಶವಿರದೆ, ಆಘಾತವು ನೇರವಾಗಿ ಮೊಣಕಾಲಿಗೆ ಏರುವುದು. ಉಬ್ಬಿನಿಂದ ಎರಡು ಮೂರು ಸೆಂಟಿಮೀಟರು ಹಿಂದೆ, ಅಂಗಾಲಿನ ಕಮಾನು ಮೊದಲಾಗುವಲ್ಲಿ ಅಚ್ಚು ಇರುವುದು ಮಧ್ಯಮ ಮಾರ್ಗ. ಅವರವರ ಪಾದದ ಅಳತೆಗೆ ತಕ್ಕಂತೆ ಇದನ್ನು ಹೊಂದಿಸಿಕೊಳ್ಳತಕ್ಕದ್ದು.

ಸ್ಥಾನದಷ್ಟೇ ಪಾದದ ಓಟವೂ ಮುಖ್ಯವಾದುದು. ಬ್ರೇಕು ಹಿಡಿದಾಗಲೂ ಚಕ್ರವು ಕಲ್ಲಿಗೆ ತಾಗಿದಾಗಲೂ ಸೈಕಲ್ಲಿನ ವೇಗವು ಕುಗ್ಗುವುದು, ದೇಹವಾದರೋ ಮುಂದಕ್ಕೆ ಸಾಗುವುದು. ಹಿಮ್ಮಡಿಯನ್ನು ತಗ್ಗಿಸಿದ್ದರೆ ಪೆಡಲಿನ ಮುಂಭಾಗವು ಮೇಲೆದ್ದು ಆ ನೂಕುಬಲಕ್ಕೆ ಎದುರಾಗಿ ನಿಲ್ಲುವುದು. ಬೆರಳು ಕೆಳಗಾಗಿದ್ದರೆ ಪಾದವು ಮುಂದಕ್ಕೆ ಜಾರಿಹೋಗುವುದು. ಮೊಳೆಗಳು ಮುಂಗಾಲಿನ ಎಲುಬನ್ನು ಸೀಳುವ ಅಪಾಯವು ಆಗಲೇ ಒದಗುವುದು. ತೆಳುವಾದ ಚಪ್ಪಲಿಯು ಇಲ್ಲಿ ನಿರುಪಯುಕ್ತ. ಆಳವಾದ ಗೀರುಗಳಿಲ್ಲದ, ಮೆತ್ತನೆಯ ರಬ್ಬರಿನ ಸಮತಟ್ಟಾದ ಅಟ್ಟೆಯೇ ಯುಕ್ತವಾದುದು.

ಪಾದವನ್ನು ಮುಂದೆ ಸರಿಸಿದರೆ ಏರಿನಲ್ಲಿ ಶಕ್ತಿಯು ವ್ಯರ್ಥವಾಗುವುದಿಲ್ಲವೇ ಎಂಬ ಆಕ್ಷೇಪವುಂಟು. ವ್ಯಾನ್ ಸಿಕಲ್ ಮತ್ತು ಹಲ್ ಎಂಬ ಸಂಶೋಧಕರು ಪಂದ್ಯದ ಸವಾರರನ್ನು ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪಾದದ ಹಿಂದುಮುಂದಿನ ಸ್ಥಾನದಿಂದ ಆಮ್ಲಜನಕದ ವೆಚ್ಚದಲ್ಲಿ ಗಣನೀಯವಾದ ಭೇದವು ಕಾಣಲಿಲ್ಲವೆಂದು ತಿಳಿಸಿರುವರು. ಆ ಪರೀಕ್ಷೆಯು ಚಪ್ಪಟೆ ಪೆಡಲಿನದಲ್ಲ, ಗುಡ್ಡದ ಮೇಲಿನದೂ ಅಲ್ಲ. ಆದರೂ ಹಳೆಯ ನಿಯಮವನ್ನು ಮೀರಿದೊಡನೆ ಶಕ್ತಿನಷ್ಟವಾಗುವುದೆಂಬ ನಂಬಿಕೆಯನ್ನು ಅದು ಸಡಿಲಿಸುವುದು.

ಕನ್ನಡದಲ್ಲಿ ‘ತುಳಿ’ ಎಂಬುದರ ಜೊತೆಗೆ ‘ಮೆಟ್ಟು’ ಎಂಬ ಧಾತುವೂ ಇದೆ. ಮೆಟ್ಟಿಲಿಗೂ ಕಾಲಿನ ಮೆಟ್ಟಿಗೂ ಅದೇ ಮೂಲ. ‘ಮೆಟ್ಟಿ ನಿಲ್ಲು’ ಎಂಬಲ್ಲಿ ಸ್ಥೈರ್ಯದ ಅರ್ಥವೂ ಸೇರಿದೆ. ಏರುವಾಗ ಸವಾರನು ತುಳಿಯುವನು, ಇಳಿಯುವಾಗ ಮೆಟ್ಟಿ ನಿಲ್ಲುವನು. ಈ ಎರಡು ಕ್ರಿಯೆಗಳನ್ನು ಒಂದೇ ಎಂದು ಭಾವಿಸಿದುದರಿಂದಲೇ ಒಂದೇ ಪಾದನ್ಯಾಸವನ್ನು ಎರಡಕ್ಕೂ ವಿಧಿಸಿದ್ದಾಯಿತು. ಭಾಷೆಯು ಬೇರೆ ಬೇರೆಯಾಗಿ ಕಂಡುದನ್ನು ಬೋಧಕರೂ ಬೇರೆ ಬೇರೆಯಾಗಿ ಕಲಿಸಿದರೆ, ಗುಡ್ಡದಿಂದ ಇಳಿಯುವ ಕಾಲುಗಳಿಗೆ ಕ್ಷೇಮ.